ನಾನು ನೋಡದೆ ಬರೆದ ಐದು ದಿನ

೧೯೫೪ನೇ ಇಸವಿ ಏಪ್ರಿಲ್ ಆರು, ಮಂಗಳವಾರ, ಮುಂಜಾನೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆ ಹೆಣ್ಣುಮಗಳು ನಮ್ಮ ದವಾಖಾನೆಯ ಮೆಟ್ಟಿಲು ಹತ್ತಿದಳು. ಮುಧೋಳದ ಸುತ್ತಿನ ಸಣ್ಣ ದವಾಖಾನೆ ಅದು. ಊರಿನ ಹೆಸರು ಹೇಳುವುದಿಲ್ಲ. ನಾನು ಅಲ್ಲಿ ಕಂಪೌಂಡರ್ ಆಗಿ ಎಂಟು ತಿಂಗಳಾಗಿತ್ತು, ವಯಸ್ಸು ಇಪ್ಪತ್ತೆರಡು. ಒಳಗೆ ಬಂದ ಪ್ರತಿಯೊಬ್ಬರ ವೇಳೆಯನ್ನೂ ಸರಕಾರಿ ರಜಿಸ್ಟರಿನ ಹೊರತಾಗಿ ನನ್ನ ಸ್ವಂತ ದಿನಚರಿಯಲ್ಲಿ ಬರೆದಿಡುವ ರೂಢಿ ನನಗಿತ್ತು. ಆ ರೂಢಿಯ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆಕೆಗೆ ನಲವತ್ತರ ಆಸುಪಾಸು. ಎಡ ಮುಂಗೈಗೆ ಹಳೆಯ ಸೀರೆಯ ತುಂಡು ಸುತ್ತಿದ್ದಳು. ರಕ್ತ ಒಣಗಿ ಬಟ್ಟೆ ಅಂಟಿಕೊಂಡಿತ್ತು. ಹಿಂದೆ ಆಕೆಯ ಅಣ್ಣ ನಿಂತಿದ್ದ. ರುಮಾಲು, ದಪ್ಪ ಮೀಸೆ, ಯಾರನ್ನೂ ನೇರವಾಗಿ ನೋಡದ ಕಣ್ಣು. ಸಂಸ್ಥಾನದ ಕಾಲದಲ್ಲಿ ಬೇಟೆ ನಾಯಿಗಳನ್ನು ಸಾಕುತ್ತಿದ್ದ ಮನೆತನ ಅವರದು. ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಸೇರಿ ಆರು ವರ್ಷವಾಗಿತ್ತು, ಬೇಟೆ ನಿಂತಿತ್ತು, ನಾಯಿಗಳು ಮಾತ್ರ ಅವನ ಮನೆಯಲ್ಲಿ ಉಳಿದಿದ್ದವು. ಒಟ್ಟು ಏಳು. ವಿಧವೆಯಾಗಿ ಅಣ್ಣನ ಮನೆ ಸೇರಿದ ಈ ತಂಗಿಯೇ ಆ ಏಳಕ್ಕೂ ರೊಟ್ಟಿ ಬಡಿಯುತ್ತಿದ್ದಳು. ಅಂದು ಬೆಳಿಗ್ಗೆ ಆರರ ಸುಮಾರಿಗೆ ರೊಟ್ಟಿ ಹಾಕುವಾಗ ಅವುಗಳಲ್ಲಿ ಒಂದು, ಬಾಣ್ಯಾ ಎಂಬುದು, ಕಚ್ಚಿತ್ತು.

ಬಟ್ಟೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಿದೆ. ನಾಲ್ಕು ತೂತು, ಎರಡು ಆಳ. ಸೋಪಿನ ನೀರಿನಿಂದ ಹತ್ತು ನಿಮಿಷ ತೊಳೆದು, ಒಣಗಿಸಿ, ಗಾಜಿನ ಕಡ್ಡಿಯ ತುದಿಯನ್ನು ಕಾರ್ಬೋಲಿಕ್ ಆಸಿಡ್ಡಿನಲ್ಲಿ ಅದ್ದಿ ಒಂದೊಂದು ತೂತಿನೊಳಗೂ ತಿರುವಬೇಕು, ಆಮೇಲೆ ಸ್ಪಿರಿಟ್. ವಿಷ ಏರದಂತೆ ಗಾಯವನ್ನು ಸುಡುವ, ಗಂಡಸರೂ ಕೂಗಾಡುವ ಕೆಲಸ ಇದು. ಆಕೆ ತುಟಿ ಕಚ್ಚಿಕೊಂಡು ಕೂತಿದ್ದಳು. ಮೂರನೇ ತೂತಿಗೆ ಬಂದಾಗ ಮೂಗು ಸುಕ್ಕಿಸಿ, “ತಮ್ಮಾ, ದವಾಖಾನ್ಯಾಗ ಖಾನಾವಳಿ ಸುರು ಮಾಡೀರೇನ? ಖಂಡ ಹುರದಂಗ ವಾಸನಿ ಬರಾಕತ್ತೈತಿ” ಅಂದಳು. ಅಣ್ಣ ಬಾಯಿ ಮುಚ್ಚು ಎಂದು ಗದರಿದ. ಆಕೆ ಮುಚ್ಚಿದಳು.

ಡಾಕ್ಟರು ವಿವರ ಕೇಳಿದರು. ಉತ್ತರವೆಲ್ಲ ಅಣ್ಣನದು. ನಾಯಿ ತಿನ್ನುವಾಗ ಇವಳು ತಾಟಿಗೆ ಕೈ ಹಾಕಿದಳು, ತಪ್ಪು ಇವಳದೇ, ನಾಯಿಗೆ ಏನೂ ಆಗಿಲ್ಲ. ಡಾಕ್ಟರು ನಿಯಮ ಹೇಳಿದರು. ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಬೇಕು. ಹುಚ್ಚು ಹಿಡಿದ ನಾಯಿ ಹತ್ತು ದಿನ ಬದುಕುವುದಿಲ್ಲ. ಬದುಕಿ ಉಂಡುಕೊಂಡಿದ್ದರೆ ಸೂಜಿ ಬೇಕಿಲ್ಲ. ಸತ್ತರೆ, ಓಡಿಹೋದರೆ, ನಡೆ ಬದಲಾದರೆ ಅದೇ ದಿನದಿಂದ ಹೊಟ್ಟೆಗೆ ಹದಿನಾಲ್ಕು ಸೂಜಿ. ಸುಮ್ಮನೆ ಚುಚ್ಚಲು ಅವರು ತಯಾರಿರಲಿಲ್ಲ. ಹಿಂದಿನ ವರ್ಷ ಒಬ್ಬನಿಗೆ ಎಂಟನೇ ಸೂಜಿಯ ನಂತರ ಎರಡೂ ಕಾಲಿನ ಸ್ವಾಧೀನ ಹೋಗಿತ್ತು. ಆ ಲಸಿಕೆಯಲ್ಲಿ ಸಾವಿರಕ್ಕೊಬ್ಬರಿಗೋ ಎಷ್ಟಕ್ಕೊಬ್ಬರಿಗೋ ಹಾಗಾಗುತ್ತದಂತೆ. ಕೊನೆಗೆ ಡಾಕ್ಟರು, ನಾಯಿಗೆ ಹುಚ್ಚು ಎಂದು ಗೊತ್ತಾದರೆ ಅದರ ಜೊತೆ ಇದ್ದ ನಾಯಿಗಳನ್ನೆಲ್ಲ ಕೊಲ್ಲಿಸಬೇಕಾಗುತ್ತದೆ ಎಂದೂ ಸೇರಿಸಿದರು. ಅದನ್ನು ಅಣ್ಣನ ಎದುರಿಗೆ ಹೇಳಬಾರದಿತ್ತು. ಆದರೆ ಆಗ ನನಗೂ ಅದು ಹೊಳೆಯಲಿಲ್ಲ.

ದಿನಾ ಹೋಗಿ ನಾಯಿ ನೋಡಿ ಬರುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ನಾಯಿ ಎಂದರೆ ಭಯ ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ, ಎರಡು ನಾಯಿಗಳು ನನ್ನನ್ನು ನೇಯ್ಗೆಯ ಹಾಸುನೂಲು ಕಟ್ಟುವ ಗೂಟಗಳ ನಡುವೆ ಸಿಕ್ಕಿಸಿ ನಿಲ್ಲಿಸಿದ್ದವು. ಕಚ್ಚಲಿಲ್ಲ. ದೊಡ್ಡವರು ಬಂದು ಓಡಿಸುವವರೆಗೆ ಗುರುಗುಟ್ಟುತ್ತ ನಿಂತಿದ್ದವು, ಅಷ್ಟೇ. ಅಂದಿನಿಂದ ನಾಯಿ ಇರುವ ಓಣಿ ಬಿಟ್ಟು ಸುತ್ತು ಹಾದಿ ಹಿಡಿಯುತ್ತಿದ್ದೆ. ಎಷ್ಟು ಓಣಿ ಹೀಗೆ ಬಿಟ್ಟೆ ಎಂಬ ಲೆಕ್ಕವನ್ನು ಮಾತ್ರ ಎಂದೂ ಬರೆದಿಟ್ಟಿರಲಿಲ್ಲ.

ಅವರ ಹಳ್ಳಿ ಐದು ಮೈಲು, ಘಟಪ್ರಭೆಯ ದಂಡೆಗೆ. ಆರನೇ ತಾರೀಖು ಮಧ್ಯಾಹ್ನ ನಾಲ್ಕಕ್ಕೆ ಸೈಕಲ್ ಮೇಲೆ ಹೋದೆ. ಅಣ್ಣ ಬಾಣ್ಯಾನನ್ನು ಹಗ್ಗ ಹಿಡಿದು ಅಂಗಳಕ್ಕೆ ತಂದ. ನಾನು ಸೈಕಲ್ಲನ್ನು ಅಡ್ಡ ಹಿಡಿದುಕೊಂಡು ನಿಂತು ಬರೆದುಕೊಂಡೆ: ಗಂಡು, ಕಂದು ಬಣ್ಣ, ಎದೆಯ ಮೇಲೆ ಬಿಳಿ, ಎಡಗಿವಿಯ ತುದಿ ಸೀಳಿದೆ, ಬಲ ಹಿಂಗಾಲಿನ ಎರಡು ಬೆರಳು ಬಿಳಿ. ನಡೆ ಸರಿ. ನೀರು ಕುಡಿಯಿತು. ಏಳನೇ ತಾರೀಖು, ಎಂಟನೇ ತಾರೀಖು ಇದೇ ಕ್ರಮ. ಎಂಟರಂದು ಅಣ್ಣ ನನ್ನ ಸೈಕಲ್ಲಿನ ಕಡೆ ಕಣ್ಣು ಹಾಯಿಸಿ, “ಸೈಕಲ್ಲಿಗೂ ಕಚ್ಚತೈತೇನ್ರಿ ನಾಯಿ? ಅದನ್ಯಾಕ ಮುಂದ ಹಿಡಕೊಂಡ ನಿಂತೀರಿ?” ಎಂದ. ಕಟ್ಟೆಯ ಮೇಲಿದ್ದ ನಾಲ್ಕೈದು ಜನ ನಕ್ಕರು. ಮರುದಿನದಿಂದ ನಾನು ಊರೊಳಗೆ ಬಂದರೆ ಯಾರೋ ಒಬ್ಬರು ಬಾಯಲ್ಲಿ ನಾಯಿಯ ಸದ್ದು ಮಾಡುವುದು ಶುರುವಾಯಿತು. ನಾನು ಹೆಚ್ಚು ಹೊತ್ತು ನಿಲ್ಲುವುದನ್ನು ಬಿಟ್ಟೆ.

ಒಂಬತ್ತನೇ ತಾರೀಖು, ಶುಕ್ರವಾರ, ನಾಯಿ ಅಂಗಳಕ್ಕೆ ಬರಲಿಲ್ಲ. ಬಿಸಿಲು ಹೆಚ್ಚಾಗಿದೆ, ಕೊಟ್ಟಿಗೆಯಲ್ಲಿ ಮಲಗಿದೆ, ಅಲ್ಲಿಂದಲೇ ನೋಡಿ ಎಂದ ಅಣ್ಣ. ಕೊಟ್ಟಿಗೆಯ ಬಾಗಿಲು ನಾನು ನಿಂತಲ್ಲಿಂದ ಹತ್ತು ಹೆಜ್ಜೆ. ಒಳಗೆ ಕತ್ತಲು. ಗೋಡೆಗೆ ಮುಖ ಮಾಡಿ ಮಲಗಿದ ಕಂದು ಬೆನ್ನು ಕಂಡಿತು. ಮುಂದೆ ಮುರಿದ ರೊಟ್ಟಿ ಹಾಗೇ ಇತ್ತು. ನಾನು “ಆರೋಗ್ಯ, ಊಟ ಸ್ವಲ್ಪ ಕಡಿಮೆ” ಎಂದು ಬರೆದು ಹೊರಟೆ. ಹತ್ತನೇ ತಾರೀಖು ಅದೇ ಬಾಗಿಲಲ್ಲಿ ನಾಯಿ ಎದ್ದು ನಿಂತಿತ್ತು, ರೊಟ್ಟಿ ತಿನ್ನುತ್ತಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಗುರುತಿನ ಅಂಕಣದಲ್ಲಿ ಮೇಲಿನಂತೆಯೇ ಎಂಬರ್ಥದ “ಸದರಿ” ಎಂದು ಬರೆದು ಐದು ನಿಮಿಷದಲ್ಲಿ ಸೈಕಲ್ ತಿರುಗಿಸಿದೆ. ಹನ್ನೊಂದು ರವಿವಾರ, ಹೋಗಲೇ ಇಲ್ಲ. ಸಂತೆಗೆ ಬಂದಿದ್ದ ಆ ಊರಿನವನೊಬ್ಬ ನಾಯಿ ಚೆನ್ನಾಗಿದೆ ಎಂದ, ಅದನ್ನೇ ಬರೆದೆ. ಹನ್ನೆರಡು, ಹದಿಮೂರು, ಮತ್ತೆ ಹತ್ತು ಹೆಜ್ಜೆ ದೂರದಿಂದ. ಸದರಿ. ಸದರಿ. ಡಾಕ್ಟರು ದಿನಾ ಕೆಳಗೆ ಸಹಿ ಮಾಡುತ್ತಿದ್ದರು.

ಹದಿನಾಲ್ಕನೇ ತಾರೀಖು, ಬುಧವಾರ, ಬೆಳಿಗ್ಗೆ ಏಳೂವರೆಗೆ ದವಾಖಾನೆಯ ಮೇಜಿನ ಮುಂದೆ ಕೂತು, ಹತ್ತು ದಿನದ ವರದಿಯನ್ನು ಮುಂಗಡವಾಗಿ ಶುದ್ಧಪ್ರತಿ ಮಾಡಲು ತೆಗೆದೆ. ಮರುದಿನ ಮುಗಿಯುವುದಿತ್ತು, ಕೊನೆಯ ಸಾಲು ಮಾತ್ರ ಬಿಟ್ಟು ಉಳಿದದ್ದನ್ನು ಬರೆದಿಟ್ಟರೆ ಕೆಲಸ ಹಗುರ ಎಂಬ ಲೆಕ್ಕ. “ಎಡಗಿವಿಯ ತುದಿ ಸೀಳಿದೆ” ಎಂಬುದನ್ನು ಮೂರು ಸಲ ಬರೆದೆ. ನಾಲ್ಕನೆಯದಕ್ಕೆ ಬಂದಾಗ ಕೈ ನಿಂತಿತು. ಮೊದಲ ಮೂರು ದಿನ ಕಿವಿ ಕಂಡಿತ್ತು, ಆಮೇಲೆ ಕಂಡ ನೆನಪಿಲ್ಲ. ಹಿಂದಿನ ದಿನದ ನೋಟವನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದೆ. ನಾಯಿ ಬಾಗಿಲಲ್ಲಿ ಕೂತು ಹಿಂಗಾಲಿನಿಂದ ಕತ್ತು ಕೆರೆದುಕೊಂಡಿತ್ತು. ಬಲಗಾಲು. ಬೆರಳು ಬಿಳಿ ಇತ್ತೆ? ಇರಲಿಲ್ಲ ಅನಿಸಿತು. ಧೂಳು ಇರಬಹುದು ಎಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನವನ್ನು ಐದು ದಿನದಿಂದ ದಿನಾ ಹೇಳಿಕೊಳ್ಳುತ್ತಿದ್ದೆ ಎಂಬುದೂ ಆಗಲೇ ತಿಳಿಯಿತು.

ಡಾಕ್ಟರು ಬರುವುದು ಒಂಬತ್ತಕ್ಕೆ. ಅವರಿಗಾಗಿ ಕಾದರೆ, ಅವರು ನಾಳೆ ನೋಡು ಎಂದರೆ, ನಾನು ಖಂಡಿತ ನಾಳೆಯೇ ನೋಡುತ್ತಿದ್ದೆ. ಹಾಗಾಗಿ ಚೀಟಿ ಬರೆದಿಟ್ಟು ಹೊರಟೆ. ಎಂಟೂವರೆಗೆ ಅವರ ಅಂಗಳದಲ್ಲಿದ್ದೆ.

ತಂಗಿ ಹೊಸ್ತಿಲ ಬಳಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಡಗೈ ಇನ್ನೂ ಬಾತಿತ್ತು. ಅಣ್ಣ ಕೊಟ್ಟಿಗೆಯ ಬಾಗಿಲಲ್ಲಿ ಹಗ್ಗ ಹಿಡಿದು ನಿಂತಿದ್ದ. ಹಗ್ಗದ ತುದಿಯಲ್ಲಿ ನಾಯಿ. ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ ಬರಿಗೈಯಲ್ಲಿ ಮುಂದೆ ಬಂದೆ.

“ದಿನಾ ಅಲ್ಲಿಂದ ನೋಡಾಂವ ಇವತ್ಯಾಕ ಒಳಗ ಹೊಂಟಿ?” ಎಂದ ಅಣ್ಣ. ಅಂದಿನವರೆಗೆ ಬಹುವಚನವಿತ್ತು.

“ಕಿವಿ ನೋಡಬೇಕ್ರಿ.”

“ಯಾಕ, ನೀ ಪತ್ತಾರನೇನಲೇ? ಕಿವಿ ಅಳತಿ ತಗೊಂಡು ಬಂಗಾರದ ಮುರುವು ಮಾಡ್ತೀಯೇನ?”

ಕಟ್ಟೆಯ ಮೇಲಿನವರು ನಕ್ಕರು. ಒಬ್ಬ ನಾಯಿಯ ಹಾಗೆ ಬೊಗಳಿದ. ನಾನು ಇನ್ನೊಂದು ಹೆಜ್ಜೆ ಇಟ್ಟೆ.

“ನೋಡ್, ಹಗ್ಗ ಬಿಡ್ತೇನಿ. ಆಮ್ಯಾಲ ನಿನ್ನ ಕೈ ಯಾರ ಸುಡ್ತಾರ ನೋಡೂನು.”

ಜೋಳ ಕೇರುವ ಸದ್ದು ನಿಂತಿತು. ತಿರುಗಿ ನೋಡಿದೆ. ಆಕೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ಹತ್ತು ಹೆಜ್ಜೆ ಎಂದು ಎಷ್ಟು ದಿನ ಬರೆದಿದ್ದೆನೋ ಅದು ಎಣಿಸಿದರೆ ಎಂಟೇ ಇತ್ತು. ಐದನೆಯದಕ್ಕೆ ನಾಯಿ ತುಟಿ ಎತ್ತಿತು. ಗಂಟಲಿನಿಂದ ಗುರುಗುಟ್ಟಿತು. ಇನ್ನು ಓಡುತ್ತೇನೆ ಅನಿಸಿದಾಗ ಓಡದಿರಲೆಂದು ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಅದು ಧೈರ್ಯವಲ್ಲ. ಅಣ್ಣ ಹಗ್ಗ ಬಿಡುತ್ತಾನೆ ಎಂದೇ ನಂಬಿದ್ದೆ. ಬಿಡಲಿಲ್ಲ. ನಾಯಿ ಬಂದು ನನ್ನ ಅಂಗಿಯನ್ನು ಮೂಸಿತು, ಆಸ್ಪತ್ರೆಯ ವಾಸನೆಗೆ ಸೀನಿತು. ಎಡಗಿವಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದೆ. ತುದಿಯವರೆಗೂ ಇಡಿಯಾಗಿತ್ತು, ರೇಷ್ಮೆಯಂತೆ ನುಣ್ಣಗೆ. ಬಲ ಹಿಂಗಾಲಿನಲ್ಲಿ ಬಿಳಿ ಇರಲೇ ಇಲ್ಲ.

“ಇದು ಬಾಣ್ಯಾ ಅಲ್ಲರಿ,” ಎಂದೆ.

ಗಾಯ ಮಾಯ್ದು ಕಿವಿ ಕೂಡಿದೆ ಎಂದ ಮೊದಲು. ಕಾಲಿನ ಬಿಳಿಯೂ ಮಾಯ್ದಿತೇ ಎಂದು ಕೇಳಿದೆ. ಅವನು ಕಟ್ಟೆಯ ಮೇಲಿದ್ದವರನ್ನು ಬೈದು ಓಡಿಸಿದ. ಆಮೇಲೆ ನಾಯಿಯನ್ನು ಒಳಗೆ ಕಟ್ಟಿ ಬಂದು, ಇದು ಬಾಣ್ಯಾನ ಒಡಹುಟ್ಟು, ಒಂದೇ ಸೂಲಿನದು ಎಂದ.

“ಬಾಣ್ಯಾ ಎಲ್ಲಿ?”

“ಶುಕ್ರವಾರ ಸಂಜಿಮುಂದ ನಾನ ಬಡದ ಕೊಂದೆ.” ಗೋಡೆಯ ಕಡೆ ನೋಡಿಕೊಂಡೇ ಹೇಳಿದ. “ಆರ ವರ್ಷ ನನ್ನ ಕೈಯಾಗ ಉಂಡದ್ದು, ಅವತ್ತು ನನಗ ಗುರ್ ಅಂತು. ಬಡಿಗಿ ತಗೊಂಡೆ. ನಿಲ್ಲಾಕ ಆಗಲಿಲ್ಲ ನನಗ.”

ಅವನ ತಂದೆ, ಅಜ್ಜ ನಾಯಿಗೆ ಕೈ ಎತ್ತಿದವರಲ್ಲ ಎಂದ. ಊರವರಿಗೆ ಇದನ್ನು ಹೇಳಬೇಡ ಎಂದ. ತಂಗಿಯ ವಿಷಯ ಅವನ ಮಾತಿನಲ್ಲಿ ಬರಲಿಲ್ಲ. ಆರು ವರ್ಷ ಸುಮ್ಮನಿದ್ದ ನಾಯಿ ಯಜಮಾನನಿಗೇ ಗುರುಗುಟ್ಟಿದರೆ ಅದೇ ಒಂದು ಲಕ್ಷಣ ಎಂದು ನಾನು ಹೇಳಿದಾಗ ಅವನ ಮುಖ ಗಡುಸಾಯಿತು. ಇಬ್ಬರನ್ನೂ ಬಂಡಿಯಲ್ಲಿ ದವಾಖಾನೆಗೆ ಬರಲು ಹೇಳಿ, ನಾನು ಸೈಕಲ್ ಮೇಲೆ ಮುಂದೆ ಹೊರಟೆ.

ಡಾಕ್ಟರ ಎದುರಿಗೆ ಅವನ ಮಾತು ಬೇರೆಯಾಯಿತು. ಬಡಿದಿಲ್ಲ, ಶನಿವಾರ ಮುಂಜಾನೆ ಎದ್ದು ನೋಡಿದರೆ ತಾನೇ ಸತ್ತು ಬಿದ್ದಿತ್ತು ಎಂದ. ಮುಂಜಾನೆ ಅಂಗಳದಲ್ಲಿ ಹೇಳಿದ್ದನ್ನು ನೆನಪಿಸಿದೆ.

“ಯಾವುದ ಬರಕೊಂಡ್ರೂ ಬರಕೋ,” ಎಂದ. “ನಿನಗ ಬರಿಯೂದಷ್ಟ ಬೇಕಲ್ಲ.”

ಬಡಿದು ಕೊಂದದ್ದಾದರೆ ಹುಚ್ಚಿತ್ತೋ ಇಲ್ಲವೋ ಹೇಳಲಾಗದು; ತಾನೇ ಸತ್ತಿದ್ದರೆ ಬಹುತೇಕ ಹುಚ್ಚೇ. ತಲೆಬುರುಡೆ ಒಡೆದಿದೆಯೋ ನೋಡಿದರೆ ತಿಳಿಯುತ್ತದೆಂದು ಡಾಕ್ಟರೇ ಅವನೊಂದಿಗೆ ಹೊರಟರು, ನಾನೂ ಹೋದೆ. ಹೊಳೆಯ ದಂಡೆಯಲ್ಲಿ ಹೂತಿದ್ದನೆಂದು ತೋರಿಸಿದ ಜಾಗವನ್ನು ನರಿಗಳು ಬಗೆದಿದ್ದವು. ಪಕ್ಕೆಲುಬು, ಒಂದು ಹಿಂಗಾಲು ಸಿಕ್ಕವು; ಬೆರಳು ಎರಡು ಬಿಳಿ. ಅರ್ಧ ಗಂಟೆ ಹುಡುಕಿದೆವು. ತಲೆ ಸಿಗಲಿಲ್ಲ.

ವಾಪಸು ಬಂದಾಗ ಮಧ್ಯಾಹ್ನ ಒಂದೂಕಾಲು. ಲಸಿಕೆ ನಮ್ಮಲ್ಲಿ ಇರಲಿಲ್ಲ. ಜಮಖಂಡಿಯ ದೊಡ್ಡ ದವಾಖಾನೆಯಿಂದ ತರಬೇಕು, ಅದಕ್ಕೆ ಫಾರ್ಮು ತುಂಬಬೇಕು. ಫಾರ್ಮಿನಲ್ಲಿ ಒಂದು ಅಂಕಣ: ಕಚ್ಚಿದ ಪ್ರಾಣಿ ಸತ್ತ ತಾರೀಖು. ಡಾಕ್ಟರು ಹದಿಮೂರು ಎಂದು ಬರೆ ಎಂದರು. ಹದಿಮೂರರವರೆಗೆ ಜೀವಂತ ಎಂದು ನನ್ನ ಕೈಬರಹವಿದೆ, ಹದಿಮೂರರ ಸಂಜೆ ಸತ್ತಿತೆಂದರೆ ಎಲ್ಲ ಸರಿಹೋಗುತ್ತದೆ. ನಾನು ಪೆನ್ನು ಹಿಡಿದು ಕೂತೆ. ಹಾಗೆ ಬರೆಯುವುದು ನನಗೆ ಬೇಕಾಗಿತ್ತು. ಒಂಬತ್ತರಿಂದ ಹದಿಮೂರರವರೆಗಿನ ಐದು ಸಾಲು ಎಷ್ಟು ನೆಟ್ಟಗಿದ್ದವೆಂದರೆ, ಅವುಗಳ ಕೆಳಗೆ ಆರನೆಯದನ್ನು ಸೇರಿಸುವುದು ಕಷ್ಟವೇ ಅಲ್ಲ.

ಆಕೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಂದು ಲೋಟ ನೀರು ಕೇಳಿದಳು. ಕೊಟ್ಟೆ. ಕುಡಿಯುವ ಮುಂಚೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ಸ್ವಲ್ಪ ಹೊತ್ತು ನೋಡಿದಳು. ಹುಚ್ಚು ನಾಯಿ ಕಚ್ಚಿ ರೋಗ ಏರಿದವರಿಗೆ ನೀರು ಗಂಟಲಿಳಿಯದು ಎಂಬುದು ಆಕೆಗೂ ಗೊತ್ತಿತ್ತು. ಮೆಲ್ಲಗೆ ಒಂದು ಗುಟುಕು ಇಳಿಸಿ, ಗಂಟಲು ಮುಟ್ಟಿಕೊಂಡು, ಆಮೇಲೆ ಉಳಿದದ್ದನ್ನು ಗಟಗಟ ಕುಡಿದಳು. ನಾನು ಒಳಗೆ ಹೋಗಿ ಆ ಅಂಕಣದಲ್ಲಿ “೯ರ ಸಂಜೆ ಅಥವಾ ೧೦ರ ಬೆಳಿಗ್ಗೆ, ೯ರಿಂದ ೧೩ರವರೆಗೆ ನೋಡಿಲ್ಲ” ಎಂದು ಬರೆದೆ. ರಜಿಸ್ಟರಿನಲ್ಲೂ ಐದು ಸಾಲನ್ನು ಕೆಂಪು ಶಾಯಿಯಿಂದ ಹೊಡೆದು ಪಕ್ಕದಲ್ಲಿ ನನ್ನ ಸಹಿ ಹಾಕಿದೆ.

“ನೀ ಬರದದ್ದರ ಕೆಳಗ ನನ್ನ ಸಹಿ ಐತಿ, ತಿಳೀತೇನು?” ಎಂದರು ಡಾಕ್ಟರು. “ಅಂಜಿ ನಿಂತಾಂವ ನೀನು. ಈಗ ಶಾಣ್ಯಾ ಆಗಾಕ ನನ್ನ ಯಾಕ ಎಳೀತಿ?”

ಅವರಿಗೆ ಯಾರು ಹೇಳಿದರೋ. ಬಹುಶಃ ಎಲ್ಲರಿಗೂ ಗೊತ್ತಿತ್ತು. ಅಂದಿನಿಂದ ಕೆಲಸದ ಮಾತು ಬಿಟ್ಟು ಅವರು ನನ್ನೊಂದಿಗೆ ಬೇರೆ ಮಾತಾಡಲಿಲ್ಲ.

ಎರಡರ ಬಸ್ಸಿಗೆ ಜಮಖಂಡಿಗೆ ಹೋದೆ. ಅಲ್ಲಿಯ ವೈದ್ಯರು ಫಾರ್ಮು ಓದಿ, ಐದು ದಿನ ನೋಡದಿದ್ದವನು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ನನ್ನ ಮುಖ ನೋಡದೆ, ನಮ್ಮ ಡಾಕ್ಟರು ಬರೆದಿದ್ದ ಎರಡು ಸಿಸಿಯನ್ನು ಹೊಡೆದು ದಿನಕ್ಕೆ ಐದು ಸಿಸಿ ಎಂದು ಮಾಡಿದರು. ಕಚ್ಚಿದ್ದು ಮುಂಗೈಗೆ, ಆಳ ಗಾಯ, ನಾಯಿ ನಾಲ್ಕನೇ ದಿನಕ್ಕೇ ಹೋಗಿದೆ, ಲಸಿಕೆ ತಡವಾಗಿದೆ. ಸಣ್ಣ ಪ್ರಮಾಣ ಸಾಲದು ಎಂದರು. ಹದಿಮೂರು ಎಂದು ಬರೆದಿದ್ದರೆ ಎರಡೇ ಸಿಸಿ ಸಿಗುತ್ತಿತ್ತು. ಪ್ರಮಾಣ ಹೆಚ್ಚಿದಷ್ಟೂ ಕಾಲಿನ ಅಪಾಯ ಹೆಚ್ಚೇ ಎಂದು ಕೇಳಿದೆ. ಇರಬಹುದು ಎಂದರು. ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಸಿ ಮರಳು ತುಂಬಿದ ಗಡಿಗೆಯಲ್ಲಿಟ್ಟು, ತೊಡೆಯ ಮೇಲೆ ಹಿಡಿದುಕೊಂಡು ಮರಳಿದೆ.

ಹದಿನೈದನೇ ತಾರೀಖು, ಗುರುವಾರ, ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಮೊದಲ ಸೂಜಿ. ಹೊಕ್ಕುಳಿನ ಬಲಕ್ಕೆ ಒಂದು ದಿನ, ಎಡಕ್ಕೆ ಒಂದು ದಿನ. ಚರ್ಮವನ್ನು ಚಿವುಟಿ ಎತ್ತಿ ಓರೆಯಾಗಿ ಚುಚ್ಚಿ ಮೆಲ್ಲಗೆ ಬಿಡಬೇಕು. ಐದು ಸಿಸಿ ಒಳಗೆ ಹೋದಾಗ ನಿಂಬೆಹಣ್ಣಿನಷ್ಟು ಉಬ್ಬು ಬರುತ್ತದೆ, ಅದು ಇಳಿಯುವ ಮುಂಚೆ ಮತ್ತೆ ಆ ಬದಿಯ ಸರದಿ ಬರುತ್ತದೆ. ಐದನೇ ದಿನಕ್ಕೆ ಹೊಟ್ಟೆ ಕೆಂಪಾಗಿ ಬಿಸಿಯೇರಿತ್ತು, ಚುಚ್ಚಲು ಹೊಸ ಜಾಗ ಹುಡುಕಬೇಕಾಯಿತು. ಅಣ್ಣ ದಿನಾ ಬಂಡಿ ಹೊಡೆದುಕೊಂಡು ಬಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಇಳಿಯದೆ ಕೂತಿರುತ್ತಿದ್ದ. ಅವನ ಉಳಿದ ಆರು ನಾಯಿಗಳ ಬಗ್ಗೆ ಡಾಕ್ಟರು ಮೇಲಿನವರಿಗೆ ಬರೆದಿದ್ದರು. ಇಪ್ಪತ್ತೊಂದರಂದು ಬಂದೂಕಿನವರು ಬಂದು ಹೋದರು. ಮರುದಿನ ಅವನು ಬಂಡಿಯಿಂದ ಇಳಿದು ಬಾಗಿಲವರೆಗೆ ಬಂದು, ನನ್ನ ಕಾಲ ಬಳಿ ಒಂದು ಹಗ್ಗದ ಕಟ್ಟು ಎಸೆದು, “ತಗೋ, ಸದರಿ ಅಂತ ಬರಕೋ” ಎಂದು ಹೋದ. ಆರು ಹಗ್ಗ ಇದ್ದವು.

ಒಂಬತ್ತನೇ ಸೂಜಿಯ ದಿನ, ಇಪ್ಪತ್ಮೂರು, ಶುಕ್ರವಾರ, ಆಕೆ ಮೆಟ್ಟಿಲು ಹತ್ತುವಾಗ ಬಲಗಾಲು ಎಡವಿತು. ಎರಡು ದಿನದಿಂದ ಪಾದದಲ್ಲಿ ಇರುವೆ ಹರಿದಂತಾಗುತ್ತಿದೆ ಎಂದಳು. ಪಾದಕ್ಕೆ ಸೂಜಿಯ ಮೊನೆ ತಾಗಿಸಿ ನೋಡಿದೆ. ಎಡಗಾಲನ್ನು ಎಳೆದುಕೊಂಡಳು, ಬಲಗಾಲನ್ನು ಎಳೆಯುವುದು ತಡವಾಯಿತು. ಹೊರಗೆ ಹೋಗಿದ್ದ ಡಾಕ್ಟರನ್ನು ಕರೆಸಿದೆ. ಅವರು ಬಹಳ ಹೊತ್ತು ನೋಡಿ, ನಿಲ್ಲಿಸಿದರೆ ಕಾಲು ಉಳಿದೀತು, ಮುಂದುವರಿಸಿದರೆ ಜೀವ ಉಳಿದೀತು, ಎರಡನ್ನೂ ನಾನು ಖಾತ್ರಿ ಹೇಳಲಾರೆ ಎಂದರು. ಅಣ್ಣನನ್ನು ಕೇಳಬೇಕೆಂದು ಬಾಗಿಲ ಕಡೆ ಹೊರಟರು.

“ಅವನ್ನ ಯಾಕ ಕೇಳ್ತೀರಿ?” ಎಂದಳು ಆಕೆ. “ಕಾಲ ಹ್ವಾದ್ರ ಕುಂತ ರೊಟ್ಟಿ ಬಡೀತೇನಿ. ಹಾಕ್ರಿ.”

ಹಾಕಿದೆ. ಆ ದಿನ ಸೂಜಿಯನ್ನು ಎರಡು ಸಲ ಚುಚ್ಚಬೇಕಾಯಿತು. ಹತ್ತು, ಹನ್ನೊಂದು, ಹನ್ನೆರಡು. ಬಲಗಾಲು ಎಳೆಯುತ್ತಿತ್ತು, ಆದರೆ ಅದಕ್ಕಿಂತ ಹೆಚ್ಚಾಗಲಿಲ್ಲ.

ಏಪ್ರಿಲ್ ಇಪ್ಪತ್ತೆಂಟು, ಬುಧವಾರ, ಹದಿನಾಲ್ಕನೆಯದು. ಮುಗಿದ ಮೇಲೆ ಹತ್ತಿ ಒತ್ತಿ ಹಿಡಿದುಕೊಂಡು ಆಕೆ ಹಾಗೇ ಮಲಗಿದ್ದಳು. ನಾನು ಕೇಳಬಾರದೆಂದು ಹದಿನಾಲ್ಕು ದಿನ ತಡೆದುಕೊಂಡಿದ್ದ ಮಾತನ್ನು ಕೇಳಿದೆ: ಆ ಮನೆಯಲ್ಲಿ ಏಳಕ್ಕೂ ರೊಟ್ಟಿ ಬಡಿಯುವವಳು ನೀವು, ಶನಿವಾರದಿಂದ ಒಂದು ಕಡಿಮೆಯಾದದ್ದು ನಿಮಗೆ ಗೊತ್ತಾಗಲಿಲ್ಲವೇ?

“ಗೊತ್ತಾಗಲಾರದ ಏನ. ನನ್ನ ಕಣ್ಣಮುಂದನ ಹೊತ್ತುಕೊಂಡು ಹ್ವಾದ.”

“ಮತ್ತ ಹೇಳಬೇಕಿಲ್ಲೇನ್ರಿ?”

“ಹೇಳಿ ಎಲ್ಲಿ ಹೋಗಲೋ ತಮ್ಮಾ? ಅವನ ಮನ್ಯಾಗ ಇರಾಕಿ ನಾ.” ಹತ್ತಿಯನ್ನು ತಿರುವಿ ಒತ್ತಿದಳು. “ನೀ ದಿನಾ ಬರ್ತಿದ್ದಿ. ಸರಕಾರದಾಂವ, ಓದಿದಾಂವ, ಇವತ್ತಾದ್ರೂ ಒಳಗ ಬಂದ ನೋಡ್ತಾನ ಅಂತ ನಾ ಹೊಸ್ತಲದಾಗ ಕುಂದರತಿದ್ದೆ. ನೀ ಅಲ್ಲೇ ನಿಂತು ಬರಕೊಂಡು ಹೋಗ್ತಿದ್ದಿ. ನೀ ಹ್ವಾದ ಮ್ಯಾಲ ನಾ ಒಳಗ ಹೋಗಿ ನೀರ ಕುಡದ ನೋಡ್ತಿದ್ದೆ, ಇಳೀತೈತೋ ಇಲ್ಲೋ ಅಂತ.”

ಆಕೆ ಎದ್ದು ಸೀರೆ ಸರಿಮಾಡಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದು ಹೋದಳು.

ಹದಿನಾಲ್ಕು ಸೂಜಿಯ ನಂತರವೂ ರೋಗ ಬರಬಹುದು. ತಡವಾಗಿ ಶುರುಮಾಡಿದವರಿಗೆ ಭಯ ಹೆಚ್ಚು. ಹತ್ತನೇ ತಾರೀಖು ನಾನು ಎಂಟು ಹೆಜ್ಜೆ ನಡೆದಿದ್ದರೆ ಹನ್ನೊಂದಕ್ಕೇ ಮೊದಲ ಸೂಜಿ ಬೀಳುತ್ತಿತ್ತು. ನಾಲ್ಕು ದಿನ. ಅಣ್ಣನ ಸುಳ್ಳು ಅವನದು. ಈ ನಾಲ್ಕು ದಿನ ನನ್ನ ಪಾಲಿನವು.

ಮೇ ಮೂರು, ಸೋಮವಾರ, ಕಾಲು ನೋಡಿ ಬರಲು ಅವರ ಹಳ್ಳಿಗೆ ಹೋದೆ. ಆಕೆ ಇರಲಿಲ್ಲ. ಅಣ್ಣ ಖಾಲಿ ಕೊಟ್ಟಿಗೆಯ ಮುಂದೆ ಕೂತಿದ್ದ. ಹೋದಳು ಎಂದ. ಎಲ್ಲಿಗೆಂದು ಕೇಳಿದ್ದಕ್ಕೆ, ನಿನಗೆ ಬರೆಯಲು ಸಾಲು ಬೇಕಾದರೆ ಬೇರೆ ಮನೆ ನೋಡು ಎಂದ. ಪಕ್ಕದ ಮನೆಯವರು ರಬಕವಿಯ ಕಡೆ ಯಾರೋ ಸಂಬಂಧಿಕರಿದ್ದಾರೆ ಎಂದರು. ಜೂನಿನಲ್ಲಿ ನನ್ನನ್ನು ಬೀಳಗಿಗೆ ವರ್ಗ ಮಾಡಿದರು. ರಜೆ ಸಿಕ್ಕಾಗಲೆಲ್ಲ ರಬಕವಿ-ಬನಹಟ್ಟಿಯಲ್ಲಿ ಓಣಿ ಓಣಿ ಕೇಳಿದ್ದೇನೆ, ಒಟ್ಟು ಏಳು ಸಲ, ನಾಯಿಗಳಿರುವ ಓಣಿಗಳನ್ನೂ ಬಿಡದೆ. ಕಾಲೆಳೆಯುವ ಒಬ್ಬಾಕೆ ನೇಕಾರರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ದೀಪಾವಳಿಗೆ ಮುಂಚೆ ಬಿಟ್ಟುಹೋದಳು ಎಂದು ಒಬ್ಬರು ಹೇಳಿದರು. ಕೈ ಮೇಲೆ ಸುಟ್ಟ ಕಲೆಯಿದ್ದ ಹೆಣ್ಣುಮಗಳೊಬ್ಬಳು ಶ್ರಾವಣದಲ್ಲೇ ತೀರಿಕೊಂಡಳು, ಯಾವ ಬೇನೆಯೋ ತಿಳಿಯದು ಎಂದು ಇನ್ನೊಬ್ಬರು. ಇಬ್ಬರೂ ಕಣ್ಣಾರೆ ಕಂಡವರಲ್ಲ. ಎರಡನ್ನೂ ಬರೆದುಕೊಂಡಿದ್ದೇನೆ, ಯಾವುದಕ್ಕೂ ಸರಿ ಗುರುತು ಹಾಕಿಲ್ಲ.

ಇವತ್ತು ೧೯೫೫ನೇ ಇಸವಿ ಮಾರ್ಚ್ ಹದಿಮೂರು, ರವಿವಾರ. ಕಚ್ಚಿ ಮುನ್ನೂರ ನಲವತ್ತೊಂದು ದಿನ. ವರ್ಷ ದಾಟಿದರೆ ಭಯ ಬಹುಮಟ್ಟಿಗೆ ಕಳೆದಂತೆ ಎಂದು ಜಮಖಂಡಿಯ ವೈದ್ಯರು ಹೇಳಿದ್ದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆಯ ಓದುಗರಲ್ಲಿ ಯಾರಾದರೂ, ಎಡ ಮುಂಗೈಯ ಮೇಲೆ ಕಡಲೆಕಾಳಿನಷ್ಟು ಅಗಲದ ನಾಲ್ಕು ಸುಟ್ಟ ಕಲೆಗಳಿರುವ, ಬಲಗಾಲನ್ನು ಸ್ವಲ್ಪ ಎಳೆದು ನಡೆಯುವ, ನೋವಿನಲ್ಲೂ ತಮಾಷೆ ಮಾಡುವ ನಲವತ್ತರ ವಿಧವೆಯನ್ನು ಕಂಡಿದ್ದರೆ, ದಯಮಾಡಿ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಆಕೆ ಎಲ್ಲಿದ್ದಾಳೆಂದು ಹೇಳುವುದು ಆಕೆಗೆ ಇಷ್ಟವಿಲ್ಲದಿದ್ದರೆ ಊರು ಬರೆಯಬೇಡಿ. ತಾವೇ ಹತ್ತಿರ ನಿಂತು ಆಕೆಯನ್ನು ನೋಡಿದ ತಾರೀಖೊಂದನ್ನು ಬರೆದರೆ ಸಾಕು. ತೀರಿಕೊಂಡಿದ್ದರೆ ಆ ತಾರೀಖು ಬರೆಯಿರಿ. ಅದನ್ನೂ ತಿಳಿದುಕೊಳ್ಳಬೇಕಾದವನು ನಾನೇ.